ಕಲ್ಲಪ್ಪ ಕಾಕಾ ಮೂಸಿದ ಗೋಡೆ

ಕಲ್ಲಪ್ಪ ಕಾಕಾ ಗೋಡೆಯನ್ನು ಮೂಸುತ್ತಿದ್ದ. ಹೀಗೆಂದರೆ ಹೊರಗಿನವರು ನಗುತ್ತಾರೆ. ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ.

ನಮ್ಮದು ಕೃಷ್ಣಾ ದಂಡೆಯ ಊರು. ಯಡೂರಿನ ವೀರಭದ್ರ ದೇವರ ಗುಡಿಗೆ ನಡೆದುಕೊಂಡೇ ಹೋಗಿ ಬರಬಹುದು. ಹೊಳೆ ಊರೊಳಗೆ ಬಂದು ಇಳಿದ ಮೇಲೆ, ಪರಿಹಾರಕ್ಕಾಗಿ ಯಾವ ಯಾವ ಮನೆಗೆ ನೀರು ಹೊಕ್ಕಿತ್ತು ಎಂದು ಬರೆದುಕೊಳ್ಳಲು ಊರಿನ ಸರಕಾರಿ ಲೆಕ್ಕ ನೋಡುವ ತಲಾಠಿ ಸಾಹೇಬರು ಬರುತ್ತಿದ್ದರು. ಅವರ ಹಿಂದೆ ದಫ್ತರ ಹೊತ್ತುಕೊಂಡು ಬರುವವನು ಊರಿನ ವಾಲೀಕಾರ ಕಲ್ಲಪ್ಪ. ಸರಕಾರಿ ಕೆಲಸಕ್ಕೆ ಯಾರು ಬಂದರೂ ಅವರಿಗೆ ಓಣಿ ತೋರಿಸುವುದು, ಡಂಗುರ ಸಾರುವುದು, ನೋಟಿಸು ಮುಟ್ಟಿಸುವುದು ಅವನ ಕೆಲಸ. ಅವನು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದು, ಯಾರ ಮುಖವನ್ನೂ ನೋಡದೆ ನೇರ ಗೋಡೆಯ ಹತ್ತಿರ ಹೋಗುತ್ತಿದ್ದ. ಎಡಗೈ ಹೆಬ್ಬೆರಳಿನ ಉದ್ದ ಉಗುರಿನಿಂದ ಒಣಗಿದ ಕೆಸರನ್ನು ಕೆರೆದು ಅಂಗೈಗೆ ಹಾಕಿಕೊಳ್ಳುತ್ತಿದ್ದ. ಅದಕ್ಕೆ ಒಂದು ಹನಿ ನೀರು ಬಿಟ್ಟು, ಬೆರಳಿನಿಂದ ಕಲಸಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿಯುತ್ತಿದ್ದ. ಆಮೇಲೆ ಎರಡರಲ್ಲಿ ಒಂದು ಮಾತು.

"ಹೊಳಿ ಮಣ್ಣ. ಬರಕೋರಿ."

ಇಲ್ಲವೇ, "ಇದು ಹೊಳಿ ಮಣ್ಣಲ್ರಿ ಸಾಹೇಬ್ರ."

ತಲಾಠಿಗಳು ಎರಡು ಮೂರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಬಂದವರೆಲ್ಲ ಮೊದಲ ದಿನ ಈ ಮೂಸುವುದನ್ನು ನೋಡಿ ನಗುತ್ತಿದ್ದರು, ಮರುದಿನದಿಂದ ಅವನ ಮೂಗಿನ ಕಡೆಗೇ ನೋಡುತ್ತ ಪೆನ್ನು ಹಿಡಿದು ನಿಲ್ಲುತ್ತಿದ್ದರು. ಆ ಮೂಗು ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಪಳಗಿದ್ದು. ಎಲೆಯನ್ನು ಮೂಸಿ ಅದು ಯಾವ ಕಡೆಯ ಹೊಲದ್ದು, ಮಳೆಗೆ ಸಿಕ್ಕಿದ್ದೋ ಇಲ್ಲವೋ ಹೇಳುತ್ತಿದ್ದನಂತೆ. "ಹೊಳಿ ಮಣ್ಣಾಗ ಕೊಳತ ಕಬ್ಬಿನ ವಾಸನಿ ಇರತೈತಿ, ಮೀನಿಂದ ಇರತೈತಿ, ಮ್ಯಾಲಿನ ಊರಗೋಳ ಎಲ್ಲಾ ಹೊಲಸ ಇರತೈತಿ" ಎನ್ನುತ್ತಿದ್ದ. "ಹೊಲದ ಮಣ್ಣಾಗ ಗೊಬ್ಬರ. ಹಿತ್ತಲ ಮಣ್ಣಾಗ ಬೂದಿ, ಸಾಬಾಣ. ಮನಷ್ಯಾ ಸುಳ್ಳ ಹೇಳಬಹುದರಿ, ಮಣ್ಣ ಎಲ್ಲಿಂದ ಬಂತೋ ಅದನ್ನ ಮರಿಯೂದಿಲ್ಲ."

ವಯಸ್ಸಿನಲ್ಲಿ ಅವನು ನನ್ನ ತಂದೆಯಷ್ಟಿದ್ದ. ಆದರೂ ಊರೆಲ್ಲ ಅವನನ್ನು ಏಕವಚನದಲ್ಲೇ ಕರೆಯಿತು, ನಾನೂ ಕರೆದೆ. ಈಗ ಬರೆಯಲು ಕುಳಿತು ಬಹುವಚನ ಹಚ್ಚಿದರೆ ಅದೂ ಒಂದು ಸುಳ್ಳೇ ಆಗುತ್ತದೆ. ಅವನ ವಿಷಯದಲ್ಲಿ ನಾನು ಮಾಡಿದ ಸುಳ್ಳುಗಳು ಈಗಾಗಲೇ ಸಾಕಷ್ಟಿವೆ.

ಸಪೂರ ಆಳು. ತೊಳೆದು ತೊಳೆದು ಬಣ್ಣ ಹೋದ ಖಾಕಿ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ. ಮನೆ ಬರೆಯುವ ದಿನಗಳಲ್ಲಿ ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. "ಕಾಕಾ, ಒಂದ ಗುಟಕ ಕುಡದ ಹೋಗೋ" ಎಂದರೆ, "ಚಾದ ವಾಸನಿ ಮೂಗಿನಾಗ ಕುಂತ್ರ ಮಣ್ಣಿಂದ ತಿಳಿಯೂದಿಲ್ಲವ್ವಾ" ಎನ್ನುತ್ತಿದ್ದ. ಅದು ನೆಪ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದ ದಿನಗಳಲ್ಲಿ ಮಾತ್ರ ನಮ್ಮ ಮನೆಯ ಕಟ್ಟೆಗೆ ತಪ್ಪದೆ ಬರುತ್ತಿದ್ದ, ಏಕೆಂದರೆ ಅವನಿಗೆ ಓದು ಬರಹ ಇರಲಿಲ್ಲ. ನಾನು ಹತ್ತನೆಯ ಇಯತ್ತೆವರೆಗೆ ಓದಿದವಳು. ಅವನ ಅರ್ಜಿಗಳನ್ನು, ಉಗಾರ ಬುದ್ರುಕದಲ್ಲಿದ್ದ ಮಗಳಿಗೆ ಬರೆಸುವ ಕಾಗದಗಳನ್ನು ನಾನೇ ಬರೆದುಕೊಡುತ್ತಿದ್ದೆ. ಬರೆದು ಮುಗಿದ ಮೇಲೆ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದ.

"ನಿನ್ನ ಅಕ್ಷರ ದುಂಡಗ ಅದಾವ ನೋಡ ಸುಮಿತ್ರವ್ವಾ, ಜ್ವಾಳದ ಕಾಳ ಸುರುವಿದಂಗ. ಸಾಹೇಬ್ರು ಬರದ್ರ ಇರವಿ ಹರದಾಡಿದಂಗ ಇರತೈತಿ."

ಮರುದಿನ ಹೊಲದ ಬದುವಿನಲ್ಲಿ ಕಿತ್ತ ಹತ್ತರಕಿ ಪಲ್ಲೆಯ ಒಂದು ಹಿಡಿ ನಮ್ಮ ಬಾಗಿಲ ಮುಂದೆ ಇರುತ್ತಿತ್ತು.

ಮೊದಲ ದೊಡ್ಡ ಮಹಾಪೂರದಲ್ಲಿ ನಾವೆಲ್ಲ ಶಾಲೆಯ ಗಂಜಿ ಕೇಂದ್ರದಲ್ಲಿದ್ದೆವು. ನೀರು ಇಳಿದ ಮೇಲೆ ಮನೆಗೆ ಬಂದು ನೋಡಿದೆ. ಕೆಳಗಿನ ಓಣಿ ನಮ್ಮದು. ನೀರು ಹೊಸ್ತಿಲು ದಾಟಿ, ಪಾದ ಮುಳುಗುವಷ್ಟು ಬಂದು ಹೋಗಿತ್ತು. ಜಗುಲಿಯ ದೇವರಿಗೆ ನೀರು ಮುಟ್ಟಿರಲಿಲ್ಲ. ಮೇಲೆ ಇಟ್ಟ ಜೋಳದ ಚೀಲ ಒಣಗಿಯೇ ಇತ್ತು. ಎಮ್ಮೆ ಬದುಕಿತ್ತು, ಹುಡುಗರ ಪಾಟಿಚೀಲ ನೆನೆದಿರಲಿಲ್ಲ. ನನಗೆ ಇವನ್ನೆಲ್ಲ ಎಣಿಸುವ ರೂಢಿ. ಸಂಜೆ ದೀಪ ಹಚ್ಚಿ, ಆ ದಿನ ದೇವರು ಉಳಿಸಿಕೊಟ್ಟದ್ದನ್ನು ಒಂದೊಂದಾಗಿ ನೆನೆದು ಕೈಮುಗಿಯುತ್ತೇನೆ. ಆ ಸಂಜೆ ಬೆರಳು ಸಾಲಲಿಲ್ಲ.

ಎಣಿಸುವುದು ಮುಗಿಯುವುದರೊಳಗೆ ನಮ್ಮ ಮನೆಯವರು ಬಂದರು. "ಪಾದ ಮುಳಗಿದ ಮನಿಗಿ ಅಕ್ಕಿ, ಬ್ಯಾಳಿ ಅಷ್ಟ ಕೊಡತಾರಂತ. ಮೊಣಕಾಲ ಮ್ಯಾಲ ಬಂದಿದ್ರ ಮನಿ ದುರಸ್ತಿಗೆ ಸಿಗತೈತಿ. ಪಡುವಲ ಗ್ವಾಡಿ ಬಿರಕ ಬಿಟ್ಟೈತಿ, ಗೊತ್ತೈತಿಲ್ಲ?"

ಗೊತ್ತಿತ್ತು. ಗೋಡೆ ಬಿರುಕು ಬಿಟ್ಟದ್ದು ಹೊಳೆಯಿಂದಲ್ಲ, ಹಳೆಯದಾಗಿ. ಆದರೆ ಮಕ್ಕಳು ಅದರ ಬುಡದಲ್ಲೇ ಮಲಗುತ್ತಿದ್ದರು. ಗೋಡೆಗೆ ಕೆಸರಿನ ಗೆರೆ ಹಚ್ಚು ಎಂದವರು ಮನೆಯವರೇ ಎಂದು ಹೇಳಿ ನಾನು ಪಾರಾಗಬಹುದು. ಹಚ್ಚಿದ್ದು ನನ್ನ ಕೈ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡದಿಂದ ಕೆಸರು ತಂದು, ಸೊಂಟದ ಮಟ್ಟದಲ್ಲಿ ಎದುರಿನ ಮೂಡಲ ಗೋಡೆಯುದ್ದಕ್ಕೂ ಒಂದು ಗೆರೆ ಎಳೆದೆ. ನೆಲ ಸಾರಿಸಿ ರೂಢಿಯಾದ ಕೈ, ಗೆರೆ ನೆಟ್ಟಗೆ ಬಂತು.

ಮರುದಿನ ಮನೆ ಬರೆಯುವವರು ಮೊದಲು ಮೇಲಿನ ಓಣಿಗೆ ಹೋದರು. ಅಲ್ಲಿ ಬಾಪುಸಾಬನ ಮನೆ. ನಾಲ್ಕು ಟ್ರ್ಯಾಕ್ಟರಿನ ಒಡೆಯ ಅವನು. ಹೊಳೆ ಆ ಓಣಿಯ ಕಡೆ ತಲೆ ಹಾಕಿಯೂ ನೋಡಿರಲಿಲ್ಲ. ಆದರೆ ಅವನ ಗೋಡೆಯ ಮೇಲೆ ಎದೆಮಟ್ಟದ ಗೆರೆ ಇತ್ತು! ಏನಾಗುತ್ತದೋ ನೋಡಲು ನಾವು ಹೆಂಗಸರು ಅಂಗಳದ ಆಚೆ ನಿಂತಿದ್ದೆವು. ಕಾಕಾ ಆ ದಿನ ಗೋಡೆಯನ್ನು ಕೆರೆಯಲೂ ಇಲ್ಲ.

"ಬಾಪುಸಾಬ್ರ, ಹೊಳೆವ್ವ ನಿಮ್ಮ ಮನಿಗಿ ಬಂದಿದ್ದಳೇನ್ರಿ?"

"ಕಣ್ಣ ಕಾಣೂದಿಲ್ಲೇನ ನಿನಗ? ಎದಿಮಟಾ ಬಂದಿದ್ದಳ."

"ಎಷ್ಟ ದಿನ ಇದ್ದಳ್ರಿ?"

"ನಾಕ ದಿನ."

"ನಾಕ ದಿನ ಇದ್ದಾಕಿ ಹೋಗೂವಾಗ ಒಂದ ಗೆರಿ ಬಿಟ್ಟ ಹ್ವಾದಳೇನ್ರಿ?" ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಹೊಳಿ ಹಂಗ ಒಮ್ಮಿಗೇ ಹೋಗೂದಿಲ್ಲರಿ. ತವರಮನಿ ಬಿಟ್ಟ ಹೋಗೂ ಮಗಳಂಗ ನಿಂತ ನಿಂತ, ಹೊಳ್ಳಿ ಹೊಳ್ಳಿ ನೋಡಕೋತ ಹೋಗತಾಳ. ನಿಂತಲ್ಲೆಲ್ಲಾ ಒಂದೊಂದ ಗೆರಿ. ಇವತ್ತಿಂದ ಇಲ್ಲಿ, ನಾಳಿದು ಗೇಣ ಕೆಳಗ, ನಾಡದ್ದಿಂದು ಅದರ ಕೆಳಗ. ನಿಮ್ಮ ಮನ್ಯಾಗಿಂದ ಓಡಿ ಹೋದಂಗ ಕಾಣತೈತಿ. ಏನರ ಬೈದ್ರೇನ್ರಿ ಆಕಿಗೆ?"

ಅಂಗಳವೆಲ್ಲ ನಕ್ಕಿತು. ತಲಾಠಿ ಸಾಹೇಬರೂ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ನಕ್ಕರು. ಬಾಪುಸಾಬನೂ ನಕ್ಕ, ಆದರೆ ಅವನ ದವಡೆ ಬಿಗಿದೇ ಇತ್ತು. ನನಗೆ ನಗು ಬರಲಿಲ್ಲ. ನನ್ನ ಗೋಡೆಯ ಮೇಲೂ ಒಂದೇ ಗೆರೆ ಇತ್ತು.

ಓಡುತ್ತ ಮನೆಗೆ ಬಂದೆ. ತೊಳೆಯಲು ನೀರು ತೆಗೆದುಕೊಳ್ಳುವುದರೊಳಗೆ ಅವರು ಹೊಸ್ತಿಲಲ್ಲಿದ್ದರು. ಕಾಕಾ ಕೆರೆದ, ಕಲಸಿದ, ಮೂಸಿದ. ಕಣ್ಣು ತೆರೆದು ನನ್ನನ್ನು ನೋಡಿದ. ಅಂಗೈಯನ್ನು ನಿಧಾನ ಧೋತರಕ್ಕೆ ಒರೆಸಿಕೊಂಡ.

"ಹೊಸ್ತಿಲ ದಾಟೈತ್ರಿ ಸಾಹೇಬ್ರ. ಪಾದ ಮುಳಗೂವಷ್ಟ ಬಂದ ಹೋಗೈತಿ. ಬಂದಷ್ಟ ಬರಕೋರಿ."

"ಮತ್ತ ಈ ಮ್ಯಾಲಿನ ಗೆರಿ?"

"ಅದು ಹಳೇದ್ರಿ" ಎಂದ ಕಾಕಾ.

ಸಾಹೇಬರು ಬರೆದುಕೊಂಡು ಮುಂದಿನ ಮನೆಗೆ ಹೋದರು. ಕಾಕಾ ಚಪ್ಪಲಿ ಮೆಟ್ಟುವ ನೆಪದಲ್ಲಿ ಹಿಂದೆ ಉಳಿದು, ನೆಲ ನೋಡುತ್ತ ಮೆಲ್ಲಗೆ ಅಂದ: "ಬಾಪುಸಾಬಗ ನಾಕ ಮಂದ್ಯಾಗ ಅಂದ್ನಿ. ಅವಗ ತಡಕೊಳ್ಳೂ ತಾಕತ್ತ ಐತಿ. ನಿನಗ ಇಲ್ಲ. ತೊಳದ ಬಿಡ ಯವ್ವಾ."

ಅವನ ಮೂಗು ಯಾರ ಮುಲಾಜೂ ನೋಡುತ್ತಿರಲಿಲ್ಲ. ಬಾಯಿ ಮಾತ್ರ ಮನುಷ್ಯರನ್ನು ನೋಡಿ ಮಾತಾಡುತ್ತಿತ್ತು. ಸುಳ್ಳು ಬರೆಸಲಿಲ್ಲ, ನನ್ನ ಮಾನ ಕಳೆಯಲೂ ಇಲ್ಲ. ಆ ಸಂಜೆ ದೀಪದ ಮುಂದೆ ನಾನು ಮೊದಲು ಎಣಿಸಬೇಕಾಗಿದ್ದ ದಯೆ ಅದು. ಎಣಿಸಲಿಲ್ಲ. ನಿಜ ಹೇಳುತ್ತೇನೆ, ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಗೆರೆಯನ್ನು ತೊಳೆಯಲೂ ಇಲ್ಲ. "ಇರಲಿ ಬಿಡ, ಇನ್ನೊಬ್ಬ ಸಾಹೇಬ ಬಂದ್ರ ಬರಕೋತಾನ" ಎಂದರು ನಮ್ಮ ಮನೆಯವರು. ದಿನಾ ಕಣ್ಣಿಗೆ ಬೀಳದಿರಲಿ ಎಂದು ಅದರ ಮುಂದೆ ಹಿಟ್ಟಿನ ಡಬ್ಬಿಗಳ ಕಪಾಟು ಸರಿಸಿದೆ.

ಆ ಸಲ ಕಾಕಾ ಒಂದು ಕಡೆ ಎಡವಿದ. ಗೋಡೆ ಕಟ್ಟುವ ಹನೀಫ ಗೌಂಡಿಯ ಮನೆಗೆ ನೀರು ಹೊಕ್ಕಿದ್ದು ಖರೆ. ಆದರೆ ಹೆಂಡತಿ ಬಾಣಂತಿ ಎಂದು ಹನೀಫ ನೀರು ಇಳಿದ ದಿನವೇ ಗೋಡೆಗಳನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದುಬಿಟ್ಟಿದ್ದ. ಮೂಸಲು ಮಣ್ಣೇ ಇರಲಿಲ್ಲ. "ಇಲ್ಲಿ ಹೊಳಿ ಇಲ್ರಿ" ಎಂದು ಹೇಳಿ ಕಾಕಾ ಹೊರಗೆ ಬಂದಿದ್ದ. ಎಂಟು ದಿನದ ಮೇಲೆ ಹನೀಫ ಬೀಸುಕಲ್ಲು ಎತ್ತಿ ಹೊರಗೆ ತಂದು ತಿರುವಿದಾಗ ಅದರ ಗೂಟದ ತೂತಿನ ತುಂಬ ಕೆಸರು. ದಾರಿಯಲ್ಲಿ ಹೋಗುತ್ತಿದ್ದ ಕಾಕಾ ನಿಂತ, ಉಗುರು ಹಾಕಿದ, ಮೂಸಿದ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಹಿಡಿದು, ಮಗನಷ್ಟು ವಯಸ್ಸಿನ ಹನೀಫನಿಗೆ ಕೈ ಮುಗಿದ. "ತಪ್ಪಾತಪಾ. ನನ್ನ ಮೂಗ ತಪ್ಪತು." ಮರುದಿನದಿಂದ ಅವನ ಹೆಸರು ಸೇರಿಸಲು ಕಚೇರಿಗೆ ಅಲೆದ. ಬಸ್ಸು ಸಿಗದ ದಿನ ನಡೆದೇ ಹೋದ. ತಿಂಗಳ ಮೇಲೆ ಹೆಸರು ಸೇರಿತು.

ಬಾಪುಸಾಬನಿಗೆ ಬೇಕಾಗಿದ್ದೂ ಇದೇ. ಒಂದು ಸೋಮವಾರ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕುಳಿತ. ಜತೆಗೆ ಓಣಿಯ ಏಳೆಂಟು ಮಂದಿ.

"ಒಬ್ಬ ಮುದುಕನ ಮೂಗಿನ ಮ್ಯಾಲ ಊರ ನಡೀಬೇಕೇನ್ರಿ? ಇವತ್ತ ಹನೀಫನ ಮನಿ ಬಿಟ್ಟ, ನಾಳಿ ನಿಮ್ಮ ಮನಿ ಬಿಡತಾನ. ಅವಗ ಬೇಕಾದವರದ ಬರಸತಾನ, ಬ್ಯಾಡಾದವರದ ಇಲ್ಲ. ಕೆಲವರು ಹಳೇ ದನದ ಕೊಟಗಿ ತಾವ ಕೆಡವಿ ಹೊಳಿ ಕೆಡವೈತಿ ಅಂತ ಬರಸ್ಯಾರ. ಅದಕ್ಕ ಎಲ್ಲಾರಿಗೂ ಒಂದ ಕಾಯ್ದೆ ಇರಬೇಕ. ಗ್ವಾಡಿ ಮ್ಯಾಲ ಗುರುತ ಐತೇನ, ಬರಿ. ಇಲ್ಲೇನ, ಬಿಡ. ಬಡವ ಸಾವಕಾರ ಎಲ್ಲಾರೂ ಒಂದ."

ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಈಗಲೂ ಆಗುವುದಿಲ್ಲ. ಹೇಳಿದವನು ಯಾರು, ಯಾಕೆ ಹೇಳುತ್ತಿದ್ದಾನೆ ಎಂಬುದು ಗೊತ್ತಿತ್ತು, ಅಷ್ಟೇ.

"ವೈನಿ, ನಿಮ್ಮ ಅಕ್ಷರ ಛಲೋ ಅದಾವಂತ. ನೀವ ಬರೀರಿ" ಎಂದ.

ಬರೆದೆ. ಸೋಮವಾರ ನನ್ನ ಒಪ್ಪೊತ್ತು. ಉಪವಾಸದ ಬಾಯಿಯಲ್ಲಿ, ಸ್ನಾನ ಮಾಡಿ ವಿಭೂತಿ ಹಚ್ಚಿದ ಹಣೆಯಲ್ಲಿ ಕುಳಿತು, ದುಂಡಗೆ ಬರೆದೆ. "ಗೋಡೆಯ ಮೇಲೆ ನೀರಿನ ಗುರುತು ಕಾಣದ ಯಾವ ಮನೆಯನ್ನೂ, ಅದು ಬಿದ್ದ ಮನೆಯಾದರೂ, ಬರೆದುಕೊಳ್ಳಬಾರದು. ಈ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬಬಾರದು." "ಅದು ಬಿದ್ದ ಮನೆಯಾದರೂ" ಎಂಬುದು ಯಾರೂ ಹೇಳಿಕೊಟ್ಟ ಮಾತಲ್ಲ. ಕೊಟ್ಟಿಗೆ ಕೆಡವಿದವರ ಮಾತು ಕೇಳಿದ್ದೆನಲ್ಲ, ವಾಕ್ಯ ಬಿಗಿಯಾಗಲಿ ಎಂದು ನಾನೇ ಸೇರಿಸಿದೆ. ಎಲ್ಲರೂ ಸಹಿ ಹಾಕಿದರು. ಹನೀಫನ ಮನೆಗೂ ಹೋದರು. ಅವನು ಹಾಕಲಿಲ್ಲ. "ತಪ್ಪಾತಂತ ನನ್ನ ಬಾಗಲಿಗೆ ಬಂದ ಕೈ ಮುಗದವ ಅವನೊಬ್ಬನ. ನಾಳಿ ನಿಮ್ಮ ಕಾಯ್ದೆ ತಪ್ಪಿದ್ರ ಯಾರ ಬರತಾರ್ರಿ ಕೈ ಮುಗ್ಯಾಕ?" ಎಂದನಂತೆ. ಅನ್ಯಾಯವಾದದ್ದು ಇವನಿಗೇ, ಇವನೇ ಹೀಗನ್ನುತ್ತಾನಲ್ಲ ಎಂದು ನಮ್ಮವರು ನಕ್ಕರು.

ನಮ್ಮ ಅರ್ಜಿಯಿಂದಲೇ ಕಾಯ್ದೆ ಬಂತು ಎನ್ನಲಾರೆ. ದಂಡೆಯ ಎಷ್ಟೋ ಊರಿನವರು ಇಂಥದ್ದನ್ನೇ ಬರೆದಿರಬೇಕು. ಮಹಾಪೂರ ಎರಡನೆಯ ಸಲ ಬಂದಾಗ ಪುಸ್ತಕ ಹೋಗಿ ಮೊಬೈಲು ಬಂದಿತ್ತು. ಗೋಡೆಯ ಫೋಟೋ ತೆಗೆಯಬೇಕು. ಮೊಣಕಾಲಿನ ಮೇಲೆ ನೀರಿನ ಗುರುತು ಅದರಲ್ಲಿ ಕಾಣಬೇಕು. ಗುರುತು ಸೇರಿದರೆ ಮಾತ್ರ ಗೋಡೆ ಬಿದ್ದದ್ದು, ಮಾಳಿಗೆ ಕುಸಿದದ್ದು ಬರೆಯುವ ಮುಂದಿನ ಪಾನ, ಎಂದರೆ ಪುಟ, ತೆರೆಯುತ್ತದೆ. ಕಾಕಾ ಆ ಹೊತ್ತಿಗೆ ಕೆಲಸದಿಂದ ನಿವೃತ್ತನಾಗಿದ್ದ. ಅವನ ನಿವೃತ್ತಿಯ ಅರ್ಜಿಯನ್ನೂ ನಾನೇ ಬರೆದಿದ್ದೆ. ಹತ್ತರಕಿ ಪಲ್ಲೆ ಮೊದಲಿನಂತೆಯೇ ಬಾಗಿಲಿಗೆ ಬಂದಿತ್ತು.

ಈ ಸಲವೂ ನಮ್ಮ ಮನೆಗೆ ಬಂದದ್ದು ಪಾದ ಮುಳುಗುವಷ್ಟೇ ನೀರು. ಆದರೆ ಈ ಸಲ ಊರು ಕಲಿತಿತ್ತು. ಒಂದು ಗೆರೆ ಯಾರೂ ಎಳೆಯಲಿಲ್ಲ. ಹೊಳೆಯ ದಂಡೆಯಿಂದಲೇ ಮಣ್ಣು ತಂದು, ಸೊಂಟದಲ್ಲೊಂದು, ಗೇಣು ಕೆಳಗೊಂದು, ಅದರ ಕೆಳಗೊಂದು. ನಿಂತು ನಿಂತು, ತಿರುಗಿ ತಿರುಗಿ ನೋಡುತ್ತ ಹೋದ ಗೆರೆಗಳು. ಕಾಕಾ ಬಾಪುಸಾಬನ ಅಂಗಳದಲ್ಲಿ ನಗಿಸುತ್ತ ಹೇಳಿದ್ದನ್ನು ನಾವೆಲ್ಲ ಪಾಠದಂತೆ ಬಾಯಿಪಾಠ ಮಾಡಿದ್ದೆವು. ನಾನೂ ಎಳೆದೆ, ಕಪಾಟಿನ ಎದುರಿನ ಪಡುವಲ ಗೋಡೆಯ ಮೇಲೆ. ನನ್ನವು ಊರಿಗೇ ಚೆಂದ ಬಂದಿದ್ದವು.

ಫೋಟೋ ತೆಗೆಯಲು ಬಂದವಳು ರಾಯಬಾಗ ಕಡೆಯ ಒಬ್ಬ ಹೆಣ್ಣುಮಗಳು. ಪಾಪ, ಕೆಸರಲ್ಲಿ ಓಡಾಡಿ ಕಾಲು ಹುಣ್ಣಾಗಿದ್ದವು. ನಮ್ಮ ಗೋಡೆಯ ಮುಂದೆ ಹತ್ತೆಣಿಸುವಷ್ಟೂ ಹೊತ್ತು ನಿಲ್ಲಲಿಲ್ಲ. "ಆತ್ರಿ ಅಕ್ಕಾರ, ಪಾಸ್ ಆತ" ಎಂದಳು. ಬಾಪುಸಾಬನ ಮನೆಯೂ ಪಾಸ್ ಆಗಿತ್ತು.

ಅವಳಿಗೆ ಓಣಿ ತೋರಿಸುತ್ತ ನಾನೇ ಕಾಕಾನ ಮನೆಗೆ ಕರೆದುಕೊಂಡು ಹೋದೆ. ಊರಿನಲ್ಲಿ ಹೊಳೆಗೆ ಎಲ್ಲಕ್ಕಿಂತ ಹತ್ತಿರದ ಮನೆ ಅದು, ಹಸಿ ಇಟ್ಟಿಗೆಯದು. ಮೂರು ಗೋಡೆಗಳು ಕರಗಿ ಗುಡ್ಡೆಯಾಗಿ ಬಿದ್ದಿದ್ದವು. ಹಿಂದಿನದು ಸೊಂಟದೆತ್ತರ ಮೋಟಾಗಿ ನಿಂತಿತ್ತು, ಅದರ ಮೈ ಹೊಪ್ಪಳಿಕೆಯಾಗಿ ಉದುರಿ ಹೊಸ ಮಣ್ಣು ಕಾಣುತ್ತಿತ್ತು. ಕಾಕಾ ತಗಡಿನ ಕೆಳಗೆ, ಒಲೆಗುಂಡಿನ ಮೇಲೆ ಕುಳಿತಿದ್ದ.

"ಕಾಕಾ, ನೀರಿನ ಗುರುತ ಎಲ್ಲಿ ಐತ್ರಿ?" ಎಂದಳು ಹುಡುಗಿ.

"ಗ್ವಾಡಿ ಸಂಗಾಟ ಹೋತವ್ವಾ."

"ಹಂಗಲ್ರಿ, ಗುರುತ ಇಲ್ಲಂದ್ರ ಮುಂದಿನ ಪಾನ ತೆರಿಯೂದಿಲ್ರಿ."

"ಗ್ವಾಡಿ ಬಿದ್ದೈತಲ್ಲ, ಕಾಣತೈತಿಲ್ಲೋ?"

"ನನಗ ಕಾಣತೈತ್ರಿ ಕಾಕಾ. ಅದಕ್ಕ ಕಾಣಬೇಕಲ್ರಿ" ಎಂದು ಮೊಬೈಲು ತೋರಿಸಿದಳು. ಮೂರು ಕಡೆಯಿಂದ ಮೂರು ಸಲ ತೆಗೆದಳು. ಮೂರೂ ಸಲ ಕೆಂಪು ಅಕ್ಷರ ಬಂತು. ಕೊನೆಗೆ ನನ್ನನ್ನು ಬದಿಗೆ ಕರೆದು, ಗುಟ್ಟಾಗಿ ಹೇಳಿದಳು: "ಅಕ್ಕಾರ, ಆ ಮೋಟ ಗ್ವಾಡಿ ಮ್ಯಾಲ ಏನರ ಗುರುತ ಇದ್ರ ನೋಡ್ರಿ. ನಾ ನಾಳಿ ಮುಂಜಾನಿ ಮತ್ತೊಮ್ಮಿ ಬರತೀನಿ. ನಾಳಿ ಕಡೀ ದಿನ."

ನಾನು ಮನೆಗೂ ಹೋಗಲಿಲ್ಲ. ಪಕ್ಕದ ಮನೆಯ ಬುಟ್ಟಿ ಇಸಿದುಕೊಂಡು ಹೊಳೆಗೆ ಇಳಿದು ಮಣ್ಣು ತುಂಬಿಕೊಂಡು ಬಂದೆ.

"ಕಾಕಾ, ಏಳ. ನಾ ಹಚ್ಚತೀನಿ."

ಅವನು ಬುಟ್ಟಿಗೆ ಉಗುರು ಹಾಕಿ, ಅಂಗೈಯಲ್ಲಿ ಕಲಸಿ, ಮೂಸಿದ.

"ಹೊಳಿ ಮಣ್ಣ." ನನ್ನ ಮುಖ ನೋಡಿ ನಕ್ಕ. "ಈ ಸಲ ಖರೇನ ಹೊಳಿ ಮಣ್ಣ ತಂದಿ. ಕಲತಿ ಬಿಡ."

"ಚ್ಯಾಷ್ಟಿ ಮಾಡಬ್ಯಾಡ. ನಿನ್ನ ಮನಿಗಿ ನೀರ ಬಂದದ್ದ ಖರೆ ಐತಿಲ್ಲೋ? ಇದರಾಗ ಸುಳ್ಳ ಏನೈತಿ?"

"ನೀರ ಖರೆ. ಗೆರಿ ಸುಳ್ಳ."

"ಊರ ಮಂದಿ ಎಲ್ಲಾ ಹಚ್ಚ್ಯಾರ. ನಾನೂ ಹಚ್ಚೀನಿ. ನೀ ಒಬ್ಬಾವ ಬಯಲಾಗ ಕುಂದ್ರಾವೇನ?"

"ನಾ ಹುಟ್ಟಿದಾಗಿಂದ ಒಂದ ಕೆಲಸಾ ಮಾಡೀನವ್ವಾ, ಹಚ್ಚಿದ್ದ ಯಾವದು, ಬಂದದ್ದ ಯಾವದು ಹೇಳೂದ. ಈಗ ಮೂಗಿನ ಮುಂದ ಹಚ್ಚಿದ್ದ ಇಟಗೊಂಡ ರಾತ್ರಿ ನಿದ್ದಿ ಹ್ಯಾಂಗ ಮಾಡ್ಲಿ?" ಬುಟ್ಟಿಯನ್ನು ಕಾಲಿನಿಂದ ನಿಧಾನ ಆಚೆ ಸರಿಸಿದ. "ಮತ್ತ, ಅರ್ಜ್ಯಾಗ ನೀನ ಬರದಿದ್ದಿಯಲ್ಲಾ, ಬಿದ್ದ ಮನಿ ಇದ್ರೂ ಬರಕೋಬ್ಯಾಡ್ರಿ ಅಂತ."

ನನ್ನ ಕೈಯ ಕೆಸರು ಕೈಯಲ್ಲೇ ಉಳಿಯಿತು.

"ತಲಾಠಿ ಸಾಹೇಬ್ರು ಕಾಗದಾ ತೋರಿಸಿ ಓದಿ ಹೇಳಿದ್ರು" ಎಂದ ಕಾಕಾ. "ಯಾರ ಬರದದ್ದ ಅಂತ ಅವರ ಹೇಳಲಿಲ್ಲ. ಹೇಳೂದ ಏನ ಬೇಕಾಗಿದ್ದಿಲ್ಲ. ನನಗ ಓದಾಕ ಬರೂದಿಲ್ಲ ಖರೆ. ಜ್ವಾಳದ ಕಾಳ ಗುರುತ ಹತ್ತತಾವ."

ನಾನು ಅಲ್ಲೇ ಕೆಸರಲ್ಲಿ ಕುಳಿತು ಅತ್ತೆ. ಅವನು ಸುಮ್ಮನಿರು ಎನ್ನಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಅಳುವುದು ಮುಗಿಯುವವರೆಗೆ ಕಾದು, "ಹೋಗ ಯವ್ವಾ, ಹುಡುಗೋರ ಸಾಲಿ ಬಿಡೂ ಹೊತ್ತಾತ" ಎಂದ. ಅಷ್ಟೂ ದಿನ, ಆ ಅರ್ಜಿಯ ಅಕ್ಷರ ಗುರುತು ಹಿಡಿದ ಮೇಲೂ, ಅದೇ ಅಕ್ಷರಕ್ಕಾಗಿ ನನ್ನ ಕಟ್ಟೆಗೆ ಬಂದು ಕುಳಿತಿದ್ದನಲ್ಲ, ಪಲ್ಲೆ ತಂದು ಇಟ್ಟಿದ್ದನಲ್ಲ, ಅದು ಹೇಗೆ ಸಾಧ್ಯವಾಯಿತೋ ನನಗೆ ಇಂದಿಗೂ ತಿಳಿಯದು.

ಮರುದಿನ ಮುಂಜಾನೆ ಹುಡುಗಿ ಬಂದಳು, ಮೋಟುಗೋಡೆಯನ್ನು ನೋಡಿದಳು, ಮೊಬೈಲು ಚೀಲಕ್ಕೆ ಹಾಕಿಕೊಂಡು ಹೋದಳು. ಹನೀಫ ನಾಲ್ಕು ಮಂದಿಯನ್ನು ಕರೆದುಕೊಂಡು ಕಚೇರಿಗೆ ಹೋಗಿ ಬಂದ. ಅಲ್ಲಿಯವರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರಂತೆ. "ನಮ್ಮ ಕೈಯಾಗ ಇದ್ದಿದ್ರ ಈಗ ಮಾಡಿ ಕೊಡತಿದ್ದಿವಿ" ಎಂದರಂತೆ. ಯಾರ ಕೈಯಲ್ಲೂ ಇರಬಾರದು ಎಂದು ಬರೆದುಕೊಟ್ಟವರು ನಾವೇ ಅಲ್ಲವೇ.

ಒಂದು ಮಳೆಗಾಲ, ಒಂದು ಚಳಿಗಾಲ ಕಾಕಾ ಆ ತಗಡಿನ ಕೆಳಗೆ ಇದ್ದ. ನಾನು ಕೊಟ್ಟು ಕಳಿಸಿದ ರೊಟ್ಟಿ ತಿನ್ನುತ್ತಿದ್ದ, ಬುಟ್ಟಿ ತೊಳೆದು ಕಳಿಸುತ್ತಿದ್ದ. ಕೆಮ್ಮು ಎದೆಗಿಳಿದ ಮೇಲೆ ಮಗಳು ಬಂದು ಉಗಾರ ಬುದ್ರುಕಕ್ಕೆ ಕರೆದುಕೊಂಡು ಹೋದಳು. ಬಸ್ಸು ಹತ್ತುವಾಗ ನಾನಿದ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಾಗದ ಬರೀಬೇಕಂದ್ರ ಅಲ್ಲಿ ಯಾರ ಸಿಗತಾರೋ" ಎಂದ. ಅದೇ ಕೊನೆ. ಯುಗಾದಿಗೆ ಮುಂಚೆ ಹೋಗಿಬಿಟ್ಟನಂತೆ. ಸುದ್ದಿ ಮುಟ್ಟಿದಾಗ ಮಣ್ಣಾಗಿ ಮೂರು ದಿನವಾಗಿತ್ತು.

ನಮ್ಮ ಪಡುವಲ ಗೋಡೆ ಹೊಸದಾಯಿತು. ಸಿಮೆಂಟಿನದು, ಹನೀಫನೇ ಕಟ್ಟಿದ. ಮಕ್ಕಳು ಅದರ ಬುಡದಲ್ಲಿ ನಿಶ್ಚಿಂತೆಯಿಂದ ಮಲಗುತ್ತಾರೆ. ಗೋಡೆ ಮುಗಿದ ವಾರ ಯಡೂರಿಗೆ ಹೋಗಿ ಕಾಯಿ ಒಡೆಸಿದೆ. ಗರ್ಭಗುಡಿಯ ಮುಂದೆ ನಿಂತಾಗ ಏನು ಬೇಡಬೇಕೋ ಹೊಳೆಯದ ಕಾರಣ, ಸುಮ್ಮನೆ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬಂದೆ. ಸಂಜೆ ದೀಪ ಹಚ್ಚಿ ಎಣಿಸುವುದನ್ನು ನಾನು ಬಿಟ್ಟಿಲ್ಲ. ಎಮ್ಮೆ ಕರು ಹಾಕಿತು, ಮಗಳ ಜ್ವರ ಬಿಟ್ಟಿತು, ಬಾವಿಯ ನೀರು ತಿಳಿಯಾಯಿತು. ಗೋಡೆಯ ಸರದಿ ಬಂದಾಗ ನಾಲಿಗೆ ತಡವರಿಸಿ ಮುಂದಿನದಕ್ಕೆ ಹೋಗುತ್ತದೆ.

ಹೋದ ದೀಪಾವಳಿಗೆ ಸುಣ್ಣ ಹೊಡೆಯಲು ಹನೀಫ ಬಂದಿದ್ದ. ಕಪಾಟು ಸರಿಸಿದವನು ಕುಂಚ ಹಿಡಿದು ನಿಂತ.

"ಅಕ್ಕಾ, ಈ ಹಳೇ ಗ್ವಾಡಿ ಮ್ಯಾಲ ಒಂದ ಗೆರಿ ಉಳದೈತಿ. ಹೊಡದ ಬಿಡ್ಲ್ಯಾ?"

"ಬ್ಯಾಡ. ಅದೊಂದ ಬಿಡ" ಎಂದೆ.

ಅವನು ಕುಂಚವನ್ನು ಬಕೀಟಿನಲ್ಲಿ ಇಟ್ಟ. ಊಟಕ್ಕೆ ಹೋದ. ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಗೋಡೆಯ ಹತ್ತಿರ ಹೋಗಿ ಹೆಬ್ಬೆರಳಿನ ಉಗುರಿನಿಂದ ಕೆರೆದೆ. ಅಂಗೈಗೆ ಹಾಕಿ, ಒಂದು ಹನಿ ನೀರು ಬಿಟ್ಟು, ಕಲಸಿ, ಕಣ್ಣು ಮುಚ್ಚಿ ಮೂಸಿದೆ.

ಇಷ್ಟು ವರ್ಷದ ಮೇಲೂ ಒಗೆಯುವ ಕಲ್ಲಿನ ಸಾಬಾಣ.

ಕಣ್ಣು ತೆರೆದೆ. ಅದು ಹಳೇದ್ರಿ ಎಂದು ನನ್ನ ಪರವಾಗಿ ಹೇಳಲು ಯಾರೂ ಇರಲಿಲ್ಲ.